ಗಂಟೆ ಕೇಳದ ಬಾಗಿಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯಲ್ಲಿ ಎರಡು ಇಟ್ಟಿಗೆ ಒಂದರ ಮೇಲೊಂದಿಟ್ಟು, ಅದರ ಮೇಲೆ ತುದಿಗಾಲಲ್ಲಿ ನಿಂತು, ನಡುವಯಸ್ಸಿನ ಹೆಂಗಸೊಬ್ಬರು ಎತ್ತರದ ಗೋಡೆಯಾಚೆ ಇಣುಕುತ್ತಿದ್ದಾರೆ. ಹಾಲು ಹಾಕುವವನು ಸೈಕಲ್ ನಿಲ್ಲಿಸಿ ಅನುಮಾನದಿಂದ ನೋಡುತ್ತಾನೆ. "ಕಳ್ಳಿ ಅಲ್ಲಪ್ಪಾ, ಲಾಂಡ್ರಿಯವಳು," ಎನ್ನುತ್ತಾರೆ ಅವರು, ತಿರುಗಿಯೂ ನೋಡದೆ. ದಿನಕ್ಕೊಮ್ಮೆಯಾದರೂ ಅವರು ಈ ಮಾತು ಆಡಬೇಕಾಗುತ್ತದೆ.

ಲಾಂಡ್ರಿಯಲ್ಲಿ ಎಲ್ಲರೂ ಅವರನ್ನು ಬಾಗಿಲಕ್ಕ ಎಂದೇ ಕರೆಯುತ್ತಾರೆ. ಹೋಟೆಲಿನ ಚಾದರ, ಸಲೂನಿನ ಟವೆಲ್, ಅಡುಗೆಯವರ ಏಪ್ರನ್ ಒಗೆದುಕೊಡುವ ಈ ಲಾಂಡ್ರಿಗೆ ಹೊಸ ಗಿರಾಕಿ ಹುಡುಕಿ ತರುವುದು ಅವರ ಕೆಲಸ. ದಿನಕ್ಕೆ ಮೂವತ್ತು ಬಾಗಿಲಾದರೂ ತಟ್ಟುತ್ತಾರೆ, ಹೆಚ್ಚುಕಮ್ಮಿ ಅಷ್ಟೂ ಮುಖದ ಮೇಲೇ ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಮಾತ್ರ ಅವರು ಕಟ್ಟಡಗಳ ಹಿಂಭಾಗ ಸುತ್ತುವುದು. "ಮುಂದ್ಗಡೆ ಹೋದ್ರೆ ಸಾಹೇಬ್ರು ಇಲ್ಲ ಅಂತಾರೆ. ಹಿಂದ್ಗಡೆ ಅವರ ಟವೆಲ್ ಒಣಗ್ತಿರತ್ತೆ. ಅದರ ಬಣ್ಣ ನೋಡಿದ್ರೆ ಸಾಕು, ಇವರಿಗೆ ನಾವು ಬೇಕೋ ಬೇಡ್ವೋ ಗೊತ್ತಾಗತ್ತೆ."

ಬಾಗಿಲಕ್ಕನಿಗೆ ನೇಮಗಳು ಬೇರೆ ಇವೆ. ಹೊಸ ಬಾಗಿಲು ದಾಟುವಾಗ ಬಲಗಾಲು ಮೊದಲು. ಒಳಗೆ ಹೋಗುವ ಮುಂಚೆ ಬಾಟಲಿಯ ನೀರು ಅರ್ಧ ಕುಡಿದು ಅರ್ಧ ಉಳಿಸಬೇಕು. ಬಟ್ಟೆಯ ಮಾತನ್ನು ಗಿರಾಕಿಯೇ ಎತ್ತುವವರೆಗೆ ತಾನು ಎತ್ತಬಾರದು. ಇವನ್ನು ಯಾರು ಹೇಳಿಕೊಟ್ಟರೆಂದು ಕೇಳಿದರೆ ನಗುತ್ತಾರೆ. "ಮೊದಲ್ನೇ ಗಿರಾಕಿ ಸಿಕ್ಕ ದಿನ ಹಾಗಾಗಿತ್ತು, ಅದಕ್ಕೆ." ಈ ನೇಮದಿಂದ ಕೈಸುಟ್ಟುಕೊಂಡದ್ದೂ ಉಂಟು. ಒಮ್ಮೆ ದೊಡ್ಡ ಕ್ಲಿನಿಕ್ಕಿನ ಬಾಗಿಲವರೆಗೆ ಹೋದವರು, ಬಾಯಾರಿಕೆಗೆ ಬಾಟಲಿ ಪೂರ್ತಿ ಖಾಲಿ ಮಾಡಿದ್ದು ನೆನಪಾಗಿ ಅಲ್ಲಿಂದಲೇ ವಾಪಸು ಬಂದರು. ಮರುದಿನ ಹೋಗುವಷ್ಟರಲ್ಲಿ ಬೇರೆ ಲಾಂಡ್ರಿಯ ವ್ಯಾನು ನಿಂತಿತ್ತು. "ಆ ಕ್ಲಿನಿಕ್ಕಿನ ಚಾದರ ಇವತ್ತಿಗೂ ಬೇರೆಯವರ ಮಿಷನ್ನಲ್ಲೇ ತಿರುಗ್ತಿದೆ. ನನ್ನ ಹಣೆಬರಹ."

ಲಾಂಡ್ರಿಗೂ ಅದರದೇ ಒಂದು ಪದ್ಧತಿಯಿದೆ. ಇಸ್ತ್ರಿ ಮೇಜಿನ ಮೇಲ್ಗಡೆ ಹಿತ್ತಾಳೆಯ ಗಂಟೆ ತೂಗುತ್ತದೆ. ಹೊಸ ಗಿರಾಕಿ ಒಪ್ಪಿದ ಸುದ್ದಿ ಬಂದ ಕೂಡಲೇ ಎಲ್ಲರಿಗಿಂತ ಹಿರಿಯಳಾದ ಇಸ್ತ್ರಿ ಅಜ್ಜಿ ಅದನ್ನು ಒಂದೇ ಒಂದು ಸಲ ಬಾರಿಸುತ್ತಾಳೆ. ಮಿಷನ್ನುಗಳು ನಿಲ್ಲುತ್ತವೆ, ಇಸ್ತ್ರಿಪೆಟ್ಟಿಗೆಗಳು ಎದ್ದು ನಿಲ್ಲುತ್ತವೆ, ಎಲ್ಲರಿಗೂ ಚಹಾ ಬರುತ್ತದೆ. ಆ ಗಂಟೆ ಬಾರಿಸಲು ಕಾರಣರಾದ ಬಾಗಿಲಕ್ಕ ಮಾತ್ರ ಆ ಹೊತ್ತಿಗೆ ಯಾವುದೋ ರಸ್ತೆಯಲ್ಲಿರುತ್ತಾರೆ. ಇಷ್ಟು ವರ್ಷದಲ್ಲಿ ಆ ಸದ್ದನ್ನು ಅವರು ಕೇಳಿರುವುದು ಫೋನಿನಲ್ಲಿ, ಬಸ್ಸಿನ ಹಾರನ್ನಿನ ನಡುವೆ.

ಈಚೆಗೆ ಆ ಗಂಟೆಗೆ ಕೆಲಸವೇ ಇರಲಿಲ್ಲ. ದೊಡ್ಡ ಹೋಟೆಲೊಂದು ಸ್ವಂತ ಮಿಷನ್ ತಂದುಕೊಂಡು ಕೈಬಿಟ್ಟಿತು. ತಿಂಗಳ ಕೊನೆಯೊಳಗೆ ಹೊಸ ಗಿರಾಕಿ ಸಿಗದಿದ್ದರೆ ಎರಡನೇ ಮಿಷನ್ ನಿಲ್ಲಿಸುತ್ತೇನೆ ಎಂದರು ಯಜಮಾನರು. ನಿಲ್ಲಿಸಿದರೆ ಕೊನೆಯಲ್ಲಿ ಸೇರಿದವರೇ ಮೊದಲು ಹೊರಗೆ. ಕೊನೆಯಲ್ಲಿ ಸೇರಿದ್ದು ಬಾಗಿಲಕ್ಕನ ನಾದಿನಿ. ಬೇರೆ ಕಡೆ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿದ್ದವಳನ್ನು ಪುಸಲಾಯಿಸಿ ಇಲ್ಲಿಗೆ ತಂದದ್ದು ಇವರೇ. "ಒಂದೇ ಮನೇಲಿ ಇದ್ದೀವಿ. ಅವಳು ಒಂದು ಮಾತೂ ಬೈಯಲ್ಲ, ಸುಮ್ನೆ ಊಟಕ್ಕೆ ಬಡಿಸ್ತಾಳೆ. ಬೈದಿದ್ರೇ ಚೆನ್ನಾಗಿತ್ತು," ಎನ್ನುವಾಗ ಬಾಗಿಲಕ್ಕನ ದನಿ ಇಳಿಯುತ್ತದೆ.

ಇಂಥ ಹೊತ್ತಿನಲ್ಲಿ ಯಜಮಾನರ ಅಳಿಯ ಕೃತಕ ಬುದ್ಧಿಮತ್ತೆಯನ್ನು ಕರೆತಂದ. ಪಾಪ, ಒಳ್ಳೆಯ ಮನಸ್ಸಿನವನೇ. ಗಿರಾಕಿಗಳನ್ನು ಹುಡುಕಿ, ತಾನೇ ಪತ್ರ ಬರೆದು, ಉತ್ತರವನ್ನೂ ನೋಡಿಕೊಳ್ಳುತ್ತದೆ ಎಂದು ಕಂಪ್ಯೂಟರಿನ ಮುಂದೆ ಕೂತ. ಲಾಂಡ್ರಿಯವರು ಅದಕ್ಕೆ ಜಾಣಪ್ಪ ಎಂದು ಹೆಸರಿಟ್ಟರು. ಮೂರನೇ ದಿನ ಜಾಣಪ್ಪ ಶುಭ ಸುದ್ದಿ ಕೊಟ್ಟ: ನಲವತ್ತು ಕೋಣೆಗಳ ವಸತಿಗೃಹವೊಂದು ಒಪ್ಪಿದೆ, ಇವತ್ತೇ ಬಟ್ಟೆ ಒಯ್ಯಬಹುದು. ಅಳಿಯ ಖುಷಿಯಲ್ಲಿ ಅಜ್ಜಿಯನ್ನೂ ಕೇಳದೆ ಓಡಿಹೋಗಿ ತಾನೇ ಗಂಟೆ ಬಾರಿಸಿಬಿಟ್ಟ. ಚಹಾ ಬಂತು. ನಾದಿನಿ ಅತ್ತೇಬಿಟ್ಟಳಂತೆ.

ಚಹಾ ಮುಗಿಯುವ ಮೊದಲೇ ವ್ಯಾನಿನ ಡ್ರೈವರನ ಫೋನು ಬಂತು. "ಇಲ್ಲಿ ಬರೀ ಗೋಡೆ ಇದೆ ಸಾರ್. ಗೋಡೆಗೆ ಚಾದರ ಹೊದಿಸ್ಲಾ?"

ಅಳಿಯ ಜಾಣಪ್ಪನನ್ನು ವಿಚಾರಿಸಿದ. ಕ್ಷಮಿಸಿ, ನೀವು ಹೇಳಿದ್ದು ಸರಿ, ವಸತಿಗೃಹ ಪಕ್ಕದ ರಸ್ತೆಯಲ್ಲಿದೆ ಎಂದ ಜಾಣಪ್ಪ. ಪಕ್ಕದ ರಸ್ತೆಯಲ್ಲೂ ಇರಲಿಲ್ಲ. ಮತ್ತೆ ಕ್ಷಮಿಸಿ ಎಂದ. ಕೊನೆಗೆ, ನಿಮ್ಮ ಸೇವೆಗೆ ಹೇಳಿ ಮಾಡಿಸಿದಂಥ ಇನ್ನೊಂದು ಗಿರಾಕಿ ಇದೆ, ಅಲ್ಲಿ ರಾಶಿಗಟ್ಟಲೆ ಬಟ್ಟೆ ಬೀಳುತ್ತದೆ ಎಂದು ವಿಳಾಸ ಕೊಟ್ಟ. ಅದು ಅವರದೇ ಲಾಂಡ್ರಿಯ ವಿಳಾಸ.

ಬಾಗಿಲಕ್ಕನಿಗೆ ಜಾಣಪ್ಪನ ಮೇಲೆ ಅಂಥ ಸಿಟ್ಟೇನಿಲ್ಲ. "ತಪ್ಪಾಯ್ತು ಅಂತ ಎಷ್ಟು ಚೆಂದ ಹೇಳ್ತಾನೆ. ನಮ್ಮ ಯಜಮಾನ್ರ ಬಾಯಲ್ಲಿ ಒಂದಿನಾನೂ ಆ ಮಾತು ಕೇಳಿಲ್ಲ. ನನ್ನ ಬಲಗಾಲೂ ಹೀಗೇ, ಎಷ್ಟೋ ಸಲ ಸುಳ್ಳು ಹೇಳಿದೆ. ಆದ್ರೆ ಅದು ನನ್ನ ಕಾಲು, ಇನ್ನೊಬ್ರನ್ನ ಅಳಿಸಿಲ್ಲ." ಇಸ್ತ್ರಿ ಅಜ್ಜಿ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗಂಟೆಯ ಬಾಯಿ ಕೆಟ್ಟಿದೆ ಎಂದು ಅದಕ್ಕೆ ಟವೆಲ್ ಸುತ್ತಿ ಗಂಟುಹಾಕಿದಳು. ನಿಜವಾದ ಗಿರಾಕಿ ಬರುವ ತನಕ ಯಾರೂ ಮುಟ್ಟುವಂತಿಲ್ಲ.

ಈಗ ಬಾಗಿಲಕ್ಕ ಇಟ್ಟಿಗೆ ಹತ್ತಿ ಇಣುಕುತ್ತಿರುವುದು ಅದೇ ಗೋಡೆಯಾಚೆಗೆ. "ಗೋಡೆ ಇದ್ಮೇಲೆ ಅದರ ಹಿಂದೆ ಏನಾದ್ರೂ ಇರ್ಲೇಬೇಕಲ್ಲ," ಎಂಬುದು ಅವರ ತರ್ಕ. ಹಿಂದೆ ಕಂಬಿಗಳ ಮೇಲೆ ಸಾಲಾಗಿ ದೊಗಲೆ ಅಂಗಿ, ದೊಗಲೆ ಪ್ಯಾಂಟು ನೇತಾಡುತ್ತಿವೆ. ಒಂದು ಕಾಲದಲ್ಲಿ ಬಿಳಿಯವು. ಬಾಗಿಲಕ್ಕ ಇಟ್ಟಿಗೆಯಿಂದ ಇಳಿಯುತ್ತಾರೆ, ಅರ್ಧ ಬಾಟಲಿ ನೀರು ಕುಡಿಯುತ್ತಾರೆ, ಸುತ್ತು ಹಾಕಿ ಬಾಗಿಲಿಗೆ ಹೋಗುತ್ತಾರೆ. ಅದು ಕರಾಟೆ ಶಾಲೆ.

ಒಳಗಿಂದ ಮಾಸ್ತರರು ಕೈಯೆತ್ತಿ ತಡೆಯುತ್ತಾರೆ. "ಚಪ್ಪಲಿ ಬಿಟ್ಟು, ತಲೆ ಬಾಗಿಸಿ, ಎಡಗಾಲು ಮೊದಲು ಇಟ್ಟು ಬನ್ನಿ. ಇಲ್ಲಿಯ ನಿಯಮ."

ಬಾಗಿಲಕ್ಕ ಹೊಸ್ತಿಲಲ್ಲಿ ಕಲ್ಲಾಗಿ ನಿಲ್ಲುತ್ತಾರೆ. "ಬಲಗಾಲು ಇಟ್ರೆ ಆಗಲ್ವಾ ಮಾಸ್ಟ್ರೇ?"

"ಆಗಲ್ಲ. ಮೂವತ್ತು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ."

"ಯಾಕೆ ಅಂತ ಗೊತ್ತಾ?"

ಮಾಸ್ತರರು ಯೋಚಿಸುತ್ತಾರೆ. "ನಮ್ಮ ಗುರುಗಳು ಹೇಳಿದ್ರು."

ತನ್ನ ಕಾರಣ ಅಷ್ಟೂ ಗಟ್ಟಿಯಿಲ್ಲವಲ್ಲ ಎಂದು ಬಾಗಿಲಕ್ಕನಿಗೆ ಅನ್ನಿಸುತ್ತದೆ. ಕ್ಲಿನಿಕ್ಕಿನ ಚಾದರ ಕಣ್ಮುಂದೆ ಬರುತ್ತದೆ, ಅದರ ಹಿಂದೆಯೇ ತಟ್ಟೆಗೆ ಸುಮ್ಮನೆ ಬಡಿಸುವ ನಾದಿನಿಯ ಕೈ. ಕಣ್ಣು ಮುಚ್ಚಿ ಎಡಗಾಲು ಇಡುತ್ತಾರೆ. ಉಳಿದಿದ್ದ ಅರ್ಧ ಬಾಟಲಿ ನೀರನ್ನು ಗಾಬರಿಯಲ್ಲಿ ಗಟಗಟ ಕುಡಿದೂ ಬಿಡುತ್ತಾರೆ.

ಉಳಿದಿರುವುದು ಮೂರನೇ ನೇಮ ಒಂದೇ. ಬಟ್ಟೆಯ ಮಾತೆತ್ತದೆ, ಗೋಡೆಗೆ ಬಣ್ಣ ಹೊಡೆಸಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಾರೆ. ಗೋಡೆ ಹಾಳಾಗಿಹೋಗಲಿ ಎನ್ನುತ್ತಾರೆ ಮಾಸ್ತರರು. ಮಕ್ಕಳು ಬೆವರಿದ್ದನ್ನು ಹಿಂದ್ಗಡೆ ಕಂಬಿಗೆ ನೇತುಹಾಕಿ ಹೋಗುತ್ತಾರೆ, ಯಾವಾಗಲೋ ಒಮ್ಮೆ ಮನೆಮನೆಯಲ್ಲಿ ಒಗೆಸಿಕೊಂಡು ಬರುತ್ತಾರೆ, ಪಂದ್ಯದ ಫೋಟೊದಲ್ಲಿ ಒಬ್ಬೊಬ್ಬರದು ಒಂದೊಂದು ಬಿಳಿ, ನೋಡಿದರೆ ನಾಚಿಕೆಯಾಗುತ್ತದೆ, ಊರಿನಲ್ಲಿ ತಮ್ಮ ಐದು ಶಾಲೆಗಳದ್ದೂ ಇದೇ ಪಾಡು. ಬಾಗಿಲಕ್ಕ ನಿಧಾನವಾಗಿ ತಲೆಯಾಡಿಸುತ್ತಾರೆ. "ನಾನು ಏನ್ಮಾಡ್ತೀನಿ ಅಂತ ಇನ್ನೂ ಹೇಳೇ ಇಲ್ಲ ನೋಡಿ," ಎನ್ನುತ್ತಾರೆ.

ಮಾಸ್ತರರು ಒಪ್ಪುತ್ತಾರೆ. ಐದು ಶಾಲೆಯದ್ದೂ ಇನ್ನು ಮುಂದೆ ಬಾಗಿಲಕ್ಕನ ಲಾಂಡ್ರಿಗೆ.

ಎಂದಿನಂತೆ ಫೋನು ತೆಗೆಯುತ್ತಾರೆ ಬಾಗಿಲಕ್ಕ. ಆಮೇಲೆ ಒಳಗಿಟ್ಟುಬಿಡುತ್ತಾರೆ. ಮೊದಲ ಮೂಟೆಯನ್ನು ಹೆಗಲಿಗೇರಿಸಿ, ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡವರ ಬೈಗುಳ ತಿಂದು, ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ ಅದನ್ನು ಧೊಪ್ಪನೆ ಇಳಿಸುತ್ತಾರೆ. ಈ ಸಲ ಅಜ್ಜಿ ಯಾರ ಮಾತನ್ನೂ ನಂಬುವುದಿಲ್ಲ. ಮೂಟೆ ಬಿಚ್ಚಿ ಅಂಗಿಯೊಂದನ್ನು ಮೂಸಿ ನೋಡುತ್ತಾಳೆ. "ನಿಜವಾದ ಗಿರಾಕಿನೇ," ಎಂದು ಮುಖ ಹಿಂಡಿ, ಗಂಟೆಗೆ ಸುತ್ತಿದ ಟವೆಲ್ ಬಿಚ್ಚುತ್ತಾಳೆ.

ಗಂಟೆ ಮೊಳಗುತ್ತದೆ. ಎರಡನೇ ಮಿಷನ್ನಿನ ಪಕ್ಕದಲ್ಲಿ ನಿಂತ ನಾದಿನಿ ಬಹಳ ದಿನಗಳ ಮೇಲೆ ಬಾಯಿ ಬಿಡುತ್ತಾಳೆ: "ಅತ್ತಿಗೆ, ಇದೇನು ವಾಸನೆ ಮಾರಾಯ್ತಿ." ಬಾಗಿಲಕ್ಕನ ಕಣ್ಣು ತುಂಬಿದೆ. ಗಂಟೆಯನ್ನೇ ನೋಡುತ್ತಾ, "ಫೋನಲ್ಲಿ ಸಣ್ಣಗೆ ಕೇಳ್ತಿತ್ತು. ಅಜ್ಜಿ, ಇನ್ನೊಂದ್ಸಲ ಬಾರಿಸು," ಎನ್ನುತ್ತಾರೆ.

"ಒಂದು ಗಿರಾಕಿಗೆ ಒಂದೇ ಸಲ," ಎನ್ನುತ್ತಾಳೆ ಅಜ್ಜಿ. "ಬೇಕಿದ್ರೆ ಇನ್ನೊಂದು ತಾ."

ಬಾಗಿಲಕ್ಕ ಚಹಾ ಮುಗಿಸಿ, ಬಾಟಲಿಯನ್ನು ನಾದಿನಿಯ ಕೈಗೆ ಕೊಡುತ್ತಾರೆ. "ಪೂರ್ತಿ ತುಂಬ್ಸಮ್ಮ. ಹೊರಟೆ."