ಬಾಳೂರಿನ ಯೆಹೂದಿ ಪಾತ್ರಧಾರಿ

ಗುಡ್ ಫ್ರೈಡೇ ಮಧ್ಯಾಹ್ನ, ಕಳಸಕ್ಕೆ ಹೊರಟಿದ್ದ ನಮ್ಮ ಜೀಪು ಬಾಳೂರಿನ ಇಗರ್ಜಿಯ ಮುಂದೆ ನಿಂತುಬಿಟ್ಟಿತು. ರಸ್ತೆಯಲ್ಲೇ ಯೇಸುವಿನ ಶಿಲುಬೆಯ ನಾಟಕ ನಡೆಯುತ್ತಿತ್ತು. ಜೊತೆಗಿದ್ದ ರೂತ್ ಇಸ್ರೇಲಿನವಳು, ಮೈಸೂರಿನಲ್ಲಿ ನನ್ನ ಸಹಪಾಠಿ. ಗಡ್ಡ ಅಂಟಿಸಿಕೊಂಡವನೊಬ್ಬನನ್ನು ನೋಡಿ ಜನ ‘ಥೂ’ ಎಂದು ಉಗಿಯುತ್ತಿದ್ದರು.

ನಾವು ಇಳಿದು ನಿಂತಾಗ, ಪಕ್ಕದಲ್ಲಿದ್ದ ಲಿಲ್ಲಿ ಬಾಯಿ ಎಂಬ ಅಜ್ಜಿ ತಮ್ಮ ಕೊಡೆಯೊಳಗೆ ನಮ್ಮನ್ನೂ ಕರೆದುಕೊಂಡರು. “ಅವ ಎಸ್ಟೇಟಿನ ಮಂಜ, ನಿಮ್ಮವನೇ, ಹಿಂದೂ. ಪಾಪ, ಒಳ್ಳೆಯವ. ಯೇಸುವನ್ನು ಕೊಂದ ಯೆಹೂದಿಯ ಪಾತ್ರ ಅಲ್ವಾ, ನಮ್ಮವರು ಯಾರೂ ಒಪ್ಪಲ್ಲ ಮಾರಾಯ್ರೆ. ಯೇಸುವಿನ ತಾಯಿಯ ಪಾತ್ರಕ್ಕಾದ್ರೆ ಪ್ರತಿ ವರ್ಷ ಜಗಳ. ನಿಮ್ಮ ಸ್ನೇಹಿತೆ ಯಾವ ದೇಶದವರು?”

“ದೂರದವರು” ಎಂದೆ.

ಅವರು ಏನಂದರು ಎಂದು ರೂತ್ ಇಂಗ್ಲಿಷಿನಲ್ಲಿ ಕೇಳಿದಳು. ಆ ಗಡ್ಡದವನು ರೋಮನ್ ಸೈನಿಕನ ಪಾತ್ರಧಾರಿ ಎಂದು ಸುಳ್ಳು ಹೇಳಿದೆ.

“ಯೆಹೂದಿ ಅಂದರು. ನಮ್ಮ ಹೀಬ್ರೂ ಭಾಷೆಯಲ್ಲೂ ಅದೇ ಪದ” ಎಂದಳು. ಅವಳ ಸ್ವರ ಏರಲಿಲ್ಲ. “ಯೇಸುವಿನ ತಾಯಿಯೂ ಯೆಹೂದಿಯೇ ಅಂತ ಅವರಿಗೆ ಹೇಳ್ತೀಯಾ?”

ಅವಳ ಮುಖಕ್ಕೆ ಬಿಸಿಲು ಬೀಳುತ್ತಿರುವುದನ್ನು ಕಂಡು ಲಿಲ್ಲಿ ಬಾಯಿ ಕೊಡೆಯನ್ನು ಇನ್ನಷ್ಟು ಅವಳ ಕಡೆಗೆ ವಾಲಿಸಿದರು. “ಏನಂತೆ?” ಎಂದು ನನ್ನನ್ನು ಕೇಳಿದರು.

ಡ್ರೈವರ್ ಹಾರ್ನ್ ಹೊಡೆದರೆ ಸಾಕು ಎಂದು ನಾನು ರಸ್ತೆ ನೋಡುತ್ತಾ ನಿಂತೆ.