ಕಾದ ರೇಡಿಯೋದ ಶಿಳ್ಳೆ

ಆ ಕಾಲಕ್ಕೆ ದಾವಣಗೆರೆಯಲ್ಲಿ ರೇಡಿಯೋ ಕೊಳ್ಳುವವರು ಇಬ್ಬರ ಮಾತು ಕೇಳುತ್ತಿದ್ದರು. ಯಾವ ದಿನ ಕೊಳ್ಳಬೇಕು ಎಂದು ಮಠದ ಅಯ್ಯನವರನ್ನು, ಯಾವ ಪೆಟ್ಟಿಗೆ ಕೊಳ್ಳಬೇಕು ಎಂದು ಕೆಂಚವೀರಪ್ಪನನ್ನು. ಅಯ್ಯನವರಿಗೆ ದಕ್ಷಿಣೆ ಸಲ್ಲುತ್ತಿತ್ತು. ಕೆಂಚವೀರಪ್ಪ ಒಂದು ಲೋಟ ಚಹಾ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಮಂಡಿಪೇಟೆಯ ಸಾಹುಕಾರರು ಗಿರಣಿಯ ಮಗ್ಗದವನೊಬ್ಬನನ್ನು ಜಟಕಾದಲ್ಲಿ ತಮ್ಮ ಪಕ್ಕ ಕೂರಿಸಿಕೊಂಡು ಹೋಗುತ್ತಿದ್ದರಲ್ಲ, ಅದೇ ಅವನಿಗೆ ಸಂಬಳ, ಅದೇ ಭಕ್ಷೀಸು.

ಅವನ ಹುಟ್ಟೂರು ಮಾಯಕೊಂಡ. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಹಂಪವ್ವ. ಅಕ್ಕ ಮದುವೆಯಾಗಿ ಹರಿಹರಕ್ಕೆ ಹೋದಳು, ಇವನು ದಾವಣಗೆರೆಗೆ ಬಂದು ಹತ್ತಿ ಗಿರಣಿಯ ನೇಯ್ಗೆ ಖಾತೆ ಸೇರಿದ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗ ಅದು. ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ತುಟಿ ನೋಡಿ, ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಹಳಬರು ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುತ್ತಿದ್ದರು. ಇವನಿಗೂ ಹಾಗೆ ಮಾಡೆಂದು ಹೇಳಿ ಹೇಳಿ ಸಾಕಾದರು. ಲಾಳಿ ಓಡುವ ಸದ್ದಿನಲ್ಲೇ ನೂಲು ಹರಿಯುವುದು ತನಗೆ ಮುಂಚೆ ಗೊತ್ತಾಗುತ್ತದೆ, ಕಿವಿ ಮುಚ್ಚಿಕೊಂಡರೆ ಗೊತ್ತಾಗುವುದು ಹೇಗೆ ಎಂದು ಅವನ ವಾದ. ಸುಳ್ಳೇನಲ್ಲ, ಅಂಥ ಕಿವಿಯೇ ಇತ್ತು.

ಐವತ್ತೆರಡರಲ್ಲಿ ಚಾಂದ್ ಪಾಷಾ ಮಂಡಿಪೇಟೆಯಲ್ಲಿ ರೇಡಿಯೋ ಅಂಗಡಿ ಇಟ್ಟ. ಮಾರುವುದೂ ಅವನೇ, ರಿಪೇರಿ ಮಾಡುವುದೂ ಅವನೇ. ಭಾನುವಾರ ಭಾನುವಾರ ಕೆಂಚವೀರಪ್ಪ ಅಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಪೆಟ್ಟಿಗೆಗಳ ಹೊಟ್ಟೆ ನೋಡುತ್ತಿದ್ದ. ಹಾಗೆ ನೋಡುತ್ತ ನೋಡುತ್ತ ಒಂದು ಸಂಗತಿ ಕಂಡುಕೊಂಡ. ಹಚ್ಚಿದ ಹತ್ತು ನಿಮಿಷ ಎಲ್ಲ ರೇಡಿಯೋಗಳೂ ಸಂಭಾವಿತರಂತೆ ಹಾಡುತ್ತವೆ. ಒಳಗಿನ ಬಲ್ಬುಗಳು ಕಾದು ಪೆಟ್ಟಿಗೆಯೆಲ್ಲ ಬಿಸಿಯಾದ ಮೇಲೆ, ಕಳಪೆ ಸಾಮಾನು ಹಾಕಿದ ಸೆಟ್ಟಿನಲ್ಲಿ ಹಾಡಿನ ಹಿಂದೆ ಸಣ್ಣಗೆ ಒಂದು ಶಿಳ್ಳೆ ಏಳುತ್ತದೆ. ಮೊದಲು ಕೂದಲೆಳೆಯಷ್ಟು, ಹೊಸಬರಿಗೆ ಕೇಳಿಸದಷ್ಟು. ವರ್ಷ ಕಳೆಯುವುದರೊಳಗೆ ಅದೇ ಬೆಳೆದು ಹಾಡನ್ನೇ ತಿನ್ನುತ್ತದೆ.

ಹೀಗಾಗಿ ಅವನ ಪರೀಕ್ಷೆ ಬೇರೆಯವರಂತೆ ಇರಲಿಲ್ಲ. ಮರದ ಹೊಳಪು, ಕಂಪನಿಯ ಹೆಸರು, ಮುಂದಿನ ಹಸಿರು ದೀಪ ಯಾವುದನ್ನೂ ನೋಡುತ್ತಿರಲಿಲ್ಲ. ರೇಡಿಯೋ ಹಚ್ಚಿಸಿ ಒಂದು ತಾಸು ಸುಮ್ಮನೆ ಚಹಾ ಕುಡಿಯುತ್ತ ಕೂರುತ್ತಿದ್ದ. ಕೊಳ್ಳಲು ಬಂದವರು ಚಡಪಡಿಸಿದರೂ ಕೇರ್ ಮಾಡುತ್ತಿರಲಿಲ್ಲ. ಆಮೇಲೆ ಎದ್ದು ಪೆಟ್ಟಿಗೆಯ ನೆತ್ತಿಗೆ ಅಂಗೈ ಇಟ್ಟು, ಬೆನ್ನಿಗೆ ಮೂಗು ಹಿಡಿದು ಮೇಣ ಕರಗಿದ ವಾಸನೆ ಇದೆಯೇ ನೋಡಿ, ಕೊನೆಗೆ ಸದ್ದು ಇಳಿಸಿ ಹಿಂದಿನ ತೂತುಗಳಿಗೆ ಕಿವಿ ಆನಿಸುತ್ತಿದ್ದ. ಅಂಗಡಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಬಾಳಿಕೆ ಬರುವಂಥದ್ದಾದರೆ ‘ಹೂಂ’. ಇಲ್ಲವಾದರೆ ‘ಬ್ಯಾಡ’. ಎರಡೇ ಮಾತು. ಅವನು ಹೂಂ ಎಂದ ಸೆಟ್ಟು ಏಳೆಂಟು ವರ್ಷ ಜಗ್ಗುತ್ತಿರಲಿಲ್ಲ.

ಐವತ್ತೊಂಬತ್ತರ ಬೇಸಿಗೆಯಲ್ಲಿ ಅವನ ಮನೆಯ ಗೋಡೆಗೆ ತೂಗುಹಾಕಿದ್ದ ಪಟದ ಹಿಂದೆ ಗುಬ್ಬಿ ಗೂಡು ಕಟ್ಟಿತು. ಮರಿಗಳ ಚೀರಾಟಕ್ಕೆ ತಲೆ ಚಿಟ್ಟು ಹಿಡಿಯಿತೆಂದು ಹೆಂಡತಿ ಮೈಲಮ್ಮ ಗೊಣಗಿದಳು. ಕೆಂಚವೀರಪ್ಪ ತಲೆಯೆತ್ತಿ ನೋಡಿದ. ಮೂರು ಮರಿ, ಮೂರು ಕೆಂಪು ಬಾಯಿ, ಮೂರೂ ಅಗಲವಾಗಿ ತೆರೆದಿವೆ. ಸದ್ದಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ, ಗೂಡಿಗೆ ಮುಖ ಹಚ್ಚಿ ನಿಂತ. ಬಾಯಿಗಳು ತೆರೆದವು, ಮುಚ್ಚಿದವು, ತೆರೆದವು. ಮೈಲಮ್ಮನ ಮಾತು ಕೇಳಿಸುತ್ತಿತ್ತು, ಬೀದಿಯ ಗಾಡಿಯ ಸದ್ದು ಕೇಳಿಸುತ್ತಿತ್ತು. ಗುಬ್ಬಿಯ ದನಿಯಂಥ ಸಣ್ಣ ದನಿ ಮಾತ್ರ ಅವನ ಪಾಲಿಗೆ ಇಲ್ಲವಾಗಿತ್ತು. ಇಪ್ಪತ್ತು ವರ್ಷದ ಮಗ್ಗದ ಬಡಿತ ಅದನ್ನು ತಿಂದುಹಾಕಿತ್ತು.

ಅವನೇನು ದಡ್ಡನಲ್ಲ. ಗುಬ್ಬಿ ಕೇಳದ ಕಿವಿಗೆ ರೇಡಿಯೋದ ಶಿಳ್ಳೆಯೂ ಕೇಳುವುದಿಲ್ಲ ಎಂದು ಸ್ಟೂಲಿನಿಂದ ಇಳಿಯುವುದರೊಳಗೆ ಹೊಳೆದಿತ್ತು. ಅಂದೇ ‘ಇನ್ನು ನನ್ನ ಕರೀಬ್ಯಾಡ್ರಿ’ ಎಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮರುವಾರವೇ ಹತ್ತಿ ವ್ಯಾಪಾರದ ಬಕ್ಕೇಶಪ್ಪನವರ ಜಟಕಾ ಬಾಗಿಲಿಗೆ ಬಂತು. ಬೀದಿಯ ಜನ ನೋಡುತ್ತಿದ್ದರು. ಕೆಂಚವೀರಪ್ಪ ರುಮಾಲು ಸುತ್ತಿಕೊಂಡು ಹತ್ತಿಯೇಬಿಟ್ಟ.

ಅಂದು ಅಂಗಡಿಯಲ್ಲಿ ಗಿರಣಿಯ ವಿದ್ಯೆ ಅವನ ಕೈಹಿಡಿಯಿತು. ಪೆಟ್ಟಿಗೆಯ ಬೆನ್ನಿಗೆ ಕಿವಿ ಆನಿಸಿ, ಕಣ್ಣನ್ನು ಪಾಷಾನ ಮುಖದ ಮೇಲೆ ಇಟ್ಟ. ಪಾಷಾನಿಗೆ ಕಿವಿಯೂ ಸರಿ ಇತ್ತು, ಮನಸ್ಸೂ ಸರಿ ಇತ್ತು. ಸೆಟ್ಟು ಕೆಟ್ಟದ್ದಾದರೆ ಅವನ ಹುಬ್ಬು ತಾನಾಗಿಯೇ ಗಂಟಿಕ್ಕುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಬ್ಯಾಡ, ಇಲ್ಲವಾದರೆ ಹೂಂ. ಎರಡು ವರ್ಷ ಹೀಗೆ ನಡೆಯಿತು. ಬೇರೆಯವನ ಕಿವಿ ಕದ್ದು ತಂದು ತನ್ನದೆಂದು ತೋರಿಸಿ ಮರ್ಯಾದೆ ಪಡೆದದ್ದು ಅವನಿಗೆ ಗೊತ್ತಿತ್ತು. ಆದರೂ ಮುಂದಿನ ಕರೆ ಬಂದಾಗ ರುಮಾಲು ಹುಡುಕುತ್ತಿದ್ದ.

ಅರವತ್ತೊಂದರಲ್ಲಿ ಅಕ್ಕ ಹಂಪವ್ವ ಬಂದಳು. ಗಂಡ ಸತ್ತ ಮೇಲೆ ಅವಳು ಹರಿಹರದಲ್ಲಿ ಕಾರ್ಖಾನೆಯವರಿಗಾಗಿ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ, ಪಲ್ಯ, ಮುದ್ದೆ, ಸಾರು. ಎದುರು ಸಾಲಿನಲ್ಲಿ ಇನ್ನೊಂದು ಖಾನಾವಳಿ ಬಂದು, ಅಲ್ಲಿ ರೇಡಿಯೋ ಇಟ್ಟು, ಜನ ಅತ್ತ ಸರಿಯತೊಡಗಿದ್ದರು. ತಾನೂ ಒಂದು ಇಡುತ್ತೇನೆ, ಇದ್ದಬದ್ದದ್ದೆಲ್ಲ ಸೇರಿಸಿಕೊಂಡು ಬಂದಿದ್ದೇನೆ, ಒಮ್ಮೆ ಕೊಂಡರೆ ಮತ್ತೆ ಕೊಳ್ಳುವ ಶಕ್ತಿ ಇಲ್ಲ ಎಂದಳು. ಊರೆಲ್ಲ ಆರಿಸಿಕೊಡುವ ತಮ್ಮ ತನಗೂ ಆರಿಸಿಕೊಡಲಿ ಎಂದು ಅವಳ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ಪಾಷಾನ ಅಂಗಡಿಯಲ್ಲಿ ಒಂದು ತಾಸು ಕಾದರು. ಕೆಂಚವೀರಪ್ಪ ಬಾಗಿ ಕಿವಿ ಆನಿಸಿದ. ಹಾಡು ಗಂಟೆಯ ಹಾಗೆ ಸ್ವಚ್ಛವಾಗಿತ್ತು. ಪಾಷಾನ ಮುಖ ನೋಡಿದ. ಪಾಷಾ ಹುಬ್ಬು ಗಂಟಿಕ್ಕಲಿಲ್ಲ, ಕೈಕಟ್ಟಿ ನಿಂತು ಇವನನ್ನೇ ಮರ್ಯಾದೆಯಿಂದ ನೋಡುತ್ತಿದ್ದ. ಅಷ್ಟು ಧೈರ್ಯವಾಗಿ ನೋಡುತ್ತಿದ್ದಾನೆಂದರೆ ಸೆಟ್ಟು ಚಿನ್ನದಂಥದ್ದೇ ಇರಬೇಕು. ಕೆಂಚವೀರಪ್ಪ ಬೆನ್ನು ನೆಟ್ಟಗೆ ಮಾಡಿ ‘ಹೂಂ’ ಎಂದ. ಹಂಪವ್ವ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಹೋದಳು.

ಆಮೇಲಿನ ಎರಡು ವರ್ಷ ಅವನು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಖಾನಾವಳಿ ಖಾಲಿ ಇರುವ ಹೊತ್ತಿಗೆ ಹರಿಹರಕ್ಕೆ ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಅಕ್ಕ ತಲೆತುಂಬ ಸೆರಗು ಹೊದ್ದು ರೇಡಿಯೋ ಹಚ್ಚುತ್ತಿದ್ದಳು. ಹೆಂಗೈತೆ ಎಂದರೆ ಭಾರಿ ಚಲೋ ಐತೆ ಎನ್ನುತ್ತಿದ್ದಳು. ಜನ ಯಾಕೋ ಕಡಿಮೆಯಾದರು ಎಂದೊಮ್ಮೆ ಮಾತಿಗೆ ಹೇಳಿದಳು, ಅಷ್ಟೇ.

ಅರವತ್ತಮೂರರ ಶ್ರಾವಣದಲ್ಲಿ ಗಿರಣಿಯ ದೊಡ್ಡ ಯಂತ್ರ ಕೆಟ್ಟು ಬುಧವಾರ ರಜೆ ಸಿಕ್ಕಿತು. ಹೇಳದೆ ಕೇಳದೆ ಹರಿಹರಕ್ಕೆ ಹೋದ. ಊಟದ ಹೊತ್ತು. ಮೊದಲು ಇಪ್ಪತ್ತು ಜನ ಕೂರುತ್ತಿದ್ದ ಸಾಲಿನಲ್ಲಿ ಆರೇಳು ಜನ ಇದ್ದರು. ರೇಡಿಯೋದ ಮೇಲೆ ಕಂಬಳಿ ಹೊದಿಸಿತ್ತು. ಅವನು ಅದರ ಹತ್ತಿರ ಹೋದದ್ದನ್ನು ನೋಡಿ, ಗುರುತಿಲ್ಲದ ಕೂಲಿಯೊಬ್ಬ ರೊಟ್ಟಿ ಮುರಿಯುತ್ತ ಎಚ್ಚರಿಸಿದ.

“ಅದನ್ನ ಹಚ್ಚಬ್ಯಾಡ್ರಿ ಯಜಮಾನ್ರೆ. ಕಾದ್ರೆ ಸಾಕು ಶಿಳ್ಳೆ ಹೊಡಿತೈತೆ, ತಲಿ ಒಡಿತೈತೆ. ಇದನ್ನ ಆರಿಸಿದ್ದು ಅಕ್ಕನ ತಮ್ಮಂತೆ, ದಾವಣಗೇರಿಗೆಲ್ಲ ರೇಡಿಯೋ ಆರಿಸಿ ಕೊಡ್ತಾನಂತೆ.”

ಉಳಿದವರು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಹಂಪವ್ವ ನಿಂತಿದ್ದಳು. ತಮ್ಮನನ್ನು ಕಂಡು ಅವಳ ಮುಖ ಬಿಳಿಚಿತು. ಒಳಗೆ ಹೋಗಿ, ಎರಡು ನಿಮಿಷ ಬಿಟ್ಟು ಸೆರಗು ಹೊದ್ದುಕೊಂಡು ಬಂದು, ಆ ಕೂಲಿಗೆ ಬಾಯಿಗೆ ಬಂದಂತೆ ಬೈದು, ಕಂಬಳಿ ಸರಿಸಿ ರೇಡಿಯೋ ಹಚ್ಚಿದಳು. ಧಾರವಾಡದಿಂದ ಯಾರೋ ವಚನ ಹಾಡುತ್ತಿದ್ದರು. ಅವನ ಕಿವಿಗೆ ಹಾಡಿನಲ್ಲಿ ಎಳ್ಳಷ್ಟೂ ದೋಷ ಕೇಳಿಸಲಿಲ್ಲ. ತಟ್ಟೆಗೆ ಅನ್ನ ಹಾಕಿಸಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಒಬ್ಬ ಮುಖ ಕಿವುಚಿದ. ಇನ್ನೊಬ್ಬ ಎಡಗೈ ಬೆರಳನ್ನು ಕಿವಿಗೆ ಇಟ್ಟುಕೊಂಡ. ಮತ್ತೊಬ್ಬ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈತೊಳೆಯಲು ಹೋದ. ಮುಖ ಓದುವುದನ್ನು ಕೆಂಚವೀರಪ್ಪನಿಗೆ ಯಾರೂ ಕಲಿಸಬೇಕಿರಲಿಲ್ಲ. ಅಲ್ಲಿ ನೋವಿಲ್ಲದ ಮುಖ ಎರಡೇ, ಅವನದು ಮತ್ತು ಅಕ್ಕನದು.

ಊಟದವರೆಲ್ಲ ಹೋದ ಮೇಲೆ ಅವನು ಅಕ್ಕನ ಹತ್ತಿರ ಹೋಗಿ ಸೆರಗನ್ನು ಮೆಲ್ಲಗೆ ಸರಿಸಿದ. ಎರಡೂ ಕಿವಿಯಲ್ಲಿ ಹತ್ತಿ ಇತ್ತು. ಗಿರಣಿಯ ಹಳಬರು ತುರುಕಿಕೊಳ್ಳುತ್ತಿದ್ದ ಹಾಗೆಯೇ, ಒತ್ತಿ ಒತ್ತಿ ತುರುಕಿದ್ದಳು. ಎರಡು ವರ್ಷದ ಭಾನುವಾರಗಳೆಲ್ಲ ಅವನ ಕಣ್ಣಮುಂದೆ ಬಂದವು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವನೇ ರೇಡಿಯೋ ಬಂದ್ ಮಾಡಿದ. ಹಂಪವ್ವ ಹತ್ತಿ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ನೀನು ಆರಿಸಿದ್ದು ಕಣೋ. ರಿಪೇರಿಗೆ ಕೊಟ್ರೆ ಪಾಷಾಗೆ ತಿಳಿತಿತ್ತು. ಪಾಷಾಗೆ ತಿಳಿದ್ರೆ ಊರಿಗೇ ತಿಳಿದಂಗೆ. ಒಂದ್ಸಲ ತಪ್ಪಿದ್ರೆ ಏನಾತು ಬಿಡು.”

“ತಪ್ಪಿದ್ದಲ್ಲಕ್ಕ. ನಂಗೆ ಶಿಳ್ಳೆ ಕೇಳ್ಸಲ್ಲ. ನಾಕು ವರ್ಷ ಆತು.”

ಹಂಪವ್ವ ಅವನ ಎದುರಿಗೆ ಕೂತಳು.

“ಮತ್ತೆ ಯಾಕ ಹೂಂ ಅಂದಿ?”

ಅವಳು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಳು. ಜಟಕಾದ ಆಸೆಗೆ ಅಂದೆ ಎಂದು ಹೇಳುವುದು ಹೇಗೆ? ಕೈತುತ್ತು ಹಾಕಿ ಬೆಳೆಸಿದವಳ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎದುರು ಸಾಲಿಗೆ ಓಡಿಸಿದ್ದು ತನ್ನ ಒಂದು ಹೂಂ. ಹೊರಡುವಾಗ ಅಕ್ಕ, ಈ ಮಾತು ನಮ್ಮಿಬ್ಬರಲ್ಲೇ ಇರಲಿ, ಯಾರಿಗೂ ಹೇಳಬೇಡ ಎಂದು ಕೈಹಿಡಿದು ಹೇಳಿದಳು. ಅದು ಅವನನ್ನು ಇನ್ನಷ್ಟು ಸುಟ್ಟಿತು. ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ರೈಲು ಹತ್ತಿದ.

ಪಾಷಾನ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಇದ್ದರೆ ಇರಲಿ ಎಂದುಕೊಂಡ, ಅವರು ಹೋಗುವ ತನಕ ಕಾದರೆ ಧೈರ್ಯವೂ ಅವರ ಜೊತೆ ಹೋಗುತ್ತದೆ ಎಂದು ಗೊತ್ತಿತ್ತು. ರೇಡಿಯೋ ಕೆಳಗಿಟ್ಟು, ತನ್ನ ಕಿವಿಯ ಸಂಗತಿ, ಮುಖ ನೋಡಿ ಹೇಳುತ್ತಿದ್ದ ಸಂಗತಿ, ಎಲ್ಲವನ್ನೂ ನಿಂತಲ್ಲೇ ಹೇಳಿದ. ಪಾಷಾ ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟ.

“ಅವತ್ತು ನಂಗೆ ಶಿಳ್ಳೆ ಕೇಳಿಸ್ತು ಅಣ್ಣಾ. ನೀವು ಬ್ಯಾಡ ಅಂತೀರಿ ಅಂತ ಇನ್ನೊಂದು ಸೆಟ್ಟು ಒರೆಸಿ ರೆಡಿ ಇಟ್ಟು ಆರಾಮಾಗಿ ನಿಂತಿದ್ದೆ. ನೀವು ಹೂಂ ಅಂದ್ರಿ. ನನ್ನ ಕಿವೀನೇ ಕೆಟ್ಟೈತೆ ಅಂದ್ಕಂಡೆ.”

ಕೆಂಚವೀರಪ್ಪನಿಗೆ ಇದನ್ನು ಕೇಳಿದ್ದಕ್ಕಿಂತ ನಾಲ್ಕು ಏಟು ತಿಂದಿದ್ದರೆ ಹಗುರವಾಗುತ್ತಿತ್ತು. ಸರಿಯಾದ ಕಿವಿಯವನೊಬ್ಬ ತನ್ನ ಕಿವಿಯನ್ನು ಬಿಟ್ಟು ಕಿವುಡನನ್ನು ನಂಬಿದ್ದ. ಇವನು ಅವನ ಮುಖ ನೋಡುತ್ತಿದ್ದ, ಅವನು ಇವನ ಬಾಯಿ ನೋಡುತ್ತಿದ್ದ, ನಡುವೆ ಅಕ್ಕ ಮೋಸಹೋಗಿದ್ದಳು.

ಗುಬ್ಬಿಯ ಬೇಸಿಗೆಯಿಂದ ಈಚೆಗೆ, ಅಕ್ಕನದು ಬಿಟ್ಟು, ಹನ್ನೊಂದು ಮನೆಗೆ ಹೂಂ ಎಂದಿದ್ದ. ಮುಂದಿನ ಭಾನುವಾರದಿಂದ ಅವನೇ ಆ ಮನೆಗಳಿಗೆ ಹೊರಟ, ನಡೆದುಕೊಂಡೇ. ಮೊದಲು ಬಕ್ಕೇಶಪ್ಪನವರ ಮನೆ. ಬರ್ರಿ, ಕೂಡ್ರಿ ಎಂದರು, ರೇಡಿಯೋ ಚಿನ್ನದಂಥದ್ದು ಎಂದರು. ಎರಡನೆಯ ಮನೆಯಲ್ಲಿ ಅದೇ ಮಾತು, ಮೂರನೆಯದರಲ್ಲೂ ಅದೇ. ಹೊಗಳಿದಷ್ಟೂ ಅವನ ಎದೆ ಕುಸಿಯಿತು. ಅಕ್ಕನೂ ಹೀಗೇ ಹೇಳಿರಲಿಲ್ಲವೇ? ಇವರು ನಿಜ ಹೇಳುತ್ತಿದ್ದಾರೋ ಮುಖದಾಕ್ಷಿಣ್ಯಕ್ಕೆ ಹೇಳುತ್ತಿದ್ದಾರೋ ತಿಳಿಯುವುದಕ್ಕೆ ಬೇಕಾದ ಕಿವಿ ಅವನಲ್ಲಿರಲಿಲ್ಲ. ಆಮೇಲೆ ಪಾಷಾನನ್ನು ಕರೆದುಕೊಂಡು ಮತ್ತೆ ಮೊದಲಿನಿಂದ ಹೋದ. ಮನೆಮನೆಯಲ್ಲಿ ನಿಂತು ನಂಗೆ ಕಿವಿ ಕೇಳ್ಸಲ್ಲ, ಇವರು ಕೇಳಿ ಹೇಳ್ತಾರೆ ಎನ್ನಬೇಕಾಯಿತು. ಹನ್ನೊಂದು ಸಲ ಅದೇ ಮಾತು, ಹನ್ನೊಂದು ಸಲವೂ ಮುಖ ಸುಟ್ಟಿತು. ಬಕ್ಕೇಶಪ್ಪನವರ ರೇಡಿಯೋ ಕಾದ ಮೇಲೆ ಪಾಷಾ ಶಿಳ್ಳೆ ಐತೆ ಎಂದು ತಲೆ ಅಲ್ಲಾಡಿಸಿದ. ಅವರ ಮನೆಯಾಕೆ ಗುರುಶಾಂತಮ್ಮ, ಒಳ್ಳೆ ರೇಡಿಯೋ ಅಂದರೆ ಹಂಗೇ ಕೂಗುತ್ತದೆ ಅಂತ ತಿಳಿದಿದ್ದೆವು ಎಂದರು. ಅಂಥದ್ದು ಒಟ್ಟು ಮೂರು ಸಿಕ್ಕವು. ಮೂರರ ಸಾಮಾನಿನ ಖರ್ಚನ್ನೂ ಅವನೇ ಹೊತ್ತ. ಜಟಕಾ ಮತ್ತೆ ಅವನ ಬಾಗಿಲಿಗೆ ಬರಲಿಲ್ಲ.

ಅಕ್ಕನ ಸೆಟ್ಟಿಗೆ ಪಾಷಾ ಒಳಗಿನ ಎರಡು ಸಾಮಾನು ಬದಲಿಸಿ ದಿನವಿಡೀ ಹಚ್ಚಿ ನೋಡಿದ. ಕೆಂಚವೀರಪ್ಪ ಅದನ್ನು ಹರಿಹರಕ್ಕೆ ಹೊತ್ತು ತಂದು ಅದೇ ಜಾಗದಲ್ಲಿ ಇಟ್ಟ. ಹಚ್ಚಿದರು. ಅಕ್ಕ ತಮ್ಮ ಇಬ್ಬರೂ ಎದುರು ಕೂತು ಒಂದು ತಾಸು ಕಾದರು. ಪೆಟ್ಟಿಗೆ ಬಿಸಿಯಾಯಿತು. ಅವನಿಗೆ ಅಂದಿನ ಹಾಡಿಗೂ ಇಂದಿನ ಹಾಡಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ತಿಳಿಯಲಿಲ್ಲ. ಹಂಪವ್ವ ಹಳೆಯ ರೂಢಿಯಂತೆ ಅವನ ಕಡೆ ತಿರುಗಿ ಹೆಂಗೈತೆ ಎಂದು ಕೇಳಿದಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ನಂಗೆ ತಿಳಿಯಲ್ಲಕ್ಕ,” ಎಂದ ಅವನು. “ಸೆರಗು ತೆಗೆದು ನೀನೇ ಕೇಳಿ ಹೇಳು.”

ಹಂಪವ್ವ ಸೆರಗು ಹಿಂದಕ್ಕೆ ಸರಿಸಿದಳು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಎದ್ದು ರೇಡಿಯೋದ ಹಿಂದೆ ಹೋಗಿ, ತಮ್ಮ ಮಾಡುತ್ತಿದ್ದ ಹಾಗೆಯೇ ನೆತ್ತಿಗೆ ಅಂಗೈ ಇಟ್ಟು, ಬಾಗಿ ಕಿವಿ ಆನಿಸಿ, ಅವನಷ್ಟೇ ಹೊತ್ತು ನಿಂತಳು. ಕೆಂಚವೀರಪ್ಪನ ಕಣ್ಣು ರೂಢಿಯಂತೆ ಅವಳ ಮುಖದ ಕಡೆಗೆ ಹೋಯಿತು. ನಾಚಿಕೆಯಾಗಿ ನೆಲ ನೋಡುತ್ತ, ಅವಳು ಬಾಯಿಬಿಟ್ಟು ಹೇಳುವ ತನಕ ಕಾದ.