ಬಿರಿ ಕೂಗುವ ಪುಟ್ಟಸಿದ್ದಮ್ಮ

ಪುಟ್ಟಸಿದ್ದಮ್ಮನ ಗಂಟಲು ಕೋಟೆ ಕಡೆಯದು. ಹೆಗ್ಗಡದೇವನಕೋಟೆಯಿಂದಾಚೆ, ಕಾಡಿನ ಅಂಚಿನ ಹಳ್ಳಿಯಲ್ಲಿ ಅವಳು ಹುಟ್ಟಿದ್ದು. ಏಳು ವರ್ಷಕ್ಕೇ ಅವಳನ್ನು ಜೋಳದ ಹೊಲದ ಅಟ್ಟಣೆ ಹತ್ತಿಸಿದ್ದರು. ಕೈಗೆ ಕವಣೆ ಕೊಟ್ಟಿದ್ದರು, ಅವಳು ಅದನ್ನು ಬೀಸಿದ್ದು ಕಡಿಮೆ. ಗಿಳಿಹಿಂಡು ಇಳಿಯುವ ಮೊದಲೇ ಬಾಯಿ ತೆರೆದು ಒಂದು ಕೂಗು ಹಾಕಿದರೆ ಮೂರು ಹೊಲದಾಚೆ ಮೇಯುವ ದನವೂ ತಲೆ ಎತ್ತುತ್ತಿತ್ತು. ಹೆಣ್ಣು ನೋಡಲು ಬಂದವರು ಅವಳ ಮುಖ ನೋಡುವ ಮುಂಚೆ ಕೂಗು ಕೇಳಿದ್ದರು. ಎರಡು ಮನೆಯವರು ಅಷ್ಟಕ್ಕೇ ತಿರುಗಿ ಹೋದರು. ಮೂರನೆಯವನು ಮಂಟಯ್ಯ. ಅವನು ಮಾತ್ರ ನಕ್ಕು, "ನಂಗೆ ಮರೆವು ಜಾಸ್ತಿ ಕಣವ್ವ. ಗ್ಯಾನ ಮಾಡ್ಸೋಕೆ ಇಂತವ್ಳೇ ಇರ್ಲಿ ಬುಡು" ಎಂದು ತನ್ನ ತಾಯಿಗೆ ಹೇಳಿದ.

ಅವನ ಊರು ಕೃಷ್ಣರಾಜನಗರದ ಸೀಮೆ, ಸಾಲಿಗ್ರಾಮಕ್ಕೂ ಹೊಳೆಗೂ ನಡುವೆ. ಅಲ್ಲಿ ಕಂಠಪ್ಪನವರ ಮನೆಯ ಗಾಡಿ ಹೊಡೆಯುವುದು ಅವನ ಕೆಲಸ. ಗಾಡಿಯ ಹಿಂದೆ, ಎರಡು ಗಾಲಿಗೂ ತಾಗುವ ಹಾಗೆ ಒಂದು ಮರದ ತುಂಡು, ಅದಕ್ಕೊಂದು ಹಗ್ಗ. ಇಳಿಜಾರಿನಲ್ಲಿ ಹಗ್ಗ ಬಿಗಿದರೆ ಮರ ಗಾಲಿಯನ್ನು ಒತ್ತಿ ಹಿಡಿಯುತ್ತದೆ. ಅದನ್ನು ಬಿರಿ ಎನ್ನುತ್ತಾರೆ. ಇಳಿಜಾರು ಮುಗಿದ ಮೇಲೆ ಬಿರಿ ಬಿಡಬೇಕು, ಇಲ್ಲವಾದರೆ ಎತ್ತು ಸಾಯಬೇಕು. ಹದಿನೆಂಟು ವರ್ಷದಲ್ಲಿ ಮಂಟಯ್ಯ ಒಂದು ದಿನವೂ ಬಿರಿ ಬಿಡುವುದನ್ನು ಮರೆತಿರಲಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ನಿಜ ಏನೆಂದರೆ ಅವನು ಒಂದು ದಿನವೂ ಅದನ್ನು ನೆನಪಿಟ್ಟುಕೊಂಡವನಲ್ಲ. ನೆನಪಿಟ್ಟುಕೊಂಡದ್ದು ಎಡದ ಎತ್ತು, ಕೆಂದ. ಸಮನೆಲ ಸಿಕ್ಕಿದ ಕೂಡಲೇ ಅದು ನಿಂತು, ಕತ್ತು ತಿರುಗಿಸಿ ಇವನ ಮುಖ ನೋಡುತ್ತಿತ್ತು. ಆಗ ಇವನ ಕೈ ಹಗ್ಗಕ್ಕೆ ಹೋಗುತ್ತಿತ್ತು. ಈ ಗುಟ್ಟು ಗೊತ್ತಿದ್ದವಳು ಪುಟ್ಟಸಿದ್ದಮ್ಮ ಒಬ್ಬಳೇ.

ಯುದ್ಧ ಮುಗಿದ ಮಾರನೆಯ ವರ್ಷ ಕಂಠಪ್ಪನವರು ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಒಂದು ಪುಟ್ಟ ಟ್ರಾಕ್ಟರ್ ಹಿಡಿದು ತಂದರು. ಬೂದಿ ಬಣ್ಣ, ಎಮ್ಮೆಗಿಂತ ಒಂದು ಗೇಣು ಎತ್ತರ. ಅದು ಬಂದ ವಾರವೇ ನಾಲ್ಕು ಎತ್ತುಗಳನ್ನು ಸಂತೆಗೆ ಹೊಡೆಸಿದರು. ಕೆಂದನಿಗೆ ವಯಸ್ಸಾಗಿತ್ತು, ಅದನ್ನು ಕೊಂಡವನು ಬೇಸಾಯದವನಲ್ಲ. ಮೈಸೂರಿನಿಂದ ಬಂದ ಮೇಸ್ತ್ರಿ ಮೂರು ದಿನ ಇದ್ದು ಮಂಟಯ್ಯನಿಗೆ ಓಡಿಸಲು ಕಲಿಸಿದ. ಆಸನದ ಎಡಕ್ಕೆ ಒಂದು ಕಬ್ಬಿಣದ ಹಿಡಿ. ಮೇಲಕ್ಕೆ ಎಳೆದರೆ ಕಟಕಟನೆ ಹಲ್ಲು ಕಚ್ಚಿಕೊಂಡು ಗಾಲಿ ನಿಲ್ಲುತ್ತದೆ, ಗುಂಡಿ ಒತ್ತಿ ಕೆಳಗಿಳಿಸಿದರೆ ಬಿಡುತ್ತದೆ. "ಇದು ಬಿರಿ. ಹೊರ್ಡೋಕ್ಮುಂಚೆ ಇದನ್ನ ಇಳಿಸ್ಬೇಕು, ತಿಳೀತಾ?" ಎಂದ ಮೇಸ್ತ್ರಿ. ಮಂಟಯ್ಯ ತಲೆಯಾಡಿಸಿದ.

ಮೇಸ್ತ್ರಿ ಹೋದ ನಾಲ್ಕನೆಯ ದಿನ ಮಂಟಯ್ಯ ಬಿರಿ ಇಳಿಸದೆಯೇ ಹೊರಟ. ಟ್ರಾಕ್ಟರ್ ನಿಲ್ಲಲೂ ಇಲ್ಲ, ಕತ್ತು ತಿರುಗಿಸಿ ನೋಡಲೂ ಇಲ್ಲ. ಮುಲುಗುತ್ತ ಎರಡು ಸಾಲು ಉತ್ತಿತು. ಮೂರನೆಯ ಸಾಲಿಗೆ ಗಾಲಿಯೊಳಗಿಂದ ಹೊಗೆ ಎದ್ದು, ಸುಟ್ಟ ಕೊಂಬಿನಂಥ ವಾಸನೆ ಊರಿನವರೆಗೂ ಬಂತು. ಒಳಗಿನ ಬಿರಿಪಟ್ಟಿ ಕರಕಲಾಗಿತ್ತು. ಬೇರೆ ಪಟ್ಟಿ ಬರಲು ಇಪ್ಪತ್ತೆರಡು ದಿನ ಹಿಡಿಯಿತು.

ಕಂಠಪ್ಪನವರು ಕೂಗಾಡುವವರಲ್ಲ. ಜಗುಲಿಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಲೇ ಹೇಳಿದರು. "ಬಿರಿ ಕಟ್ಕೊಂಡು ಎಳ್ಯೋದು ಎಂಗಿರ್ತದೆ ಅಂತ ನಿಂಗೊತ್ತಿಲ್ಲ ಮಂಟ. ಗೊತ್ತಾದ್ರೆ ಮರೆಯಾಕಿಲ್ಲ. ಲೋ ಕುಳ್ಳಯ್ಯ, ಗಾಡಿ ತತ್ತಾ."

ಕುಳ್ಳಯ್ಯ ಉಳಿದ ಜೋಡಿಯ ಗಾಡಿ ಹೊಡೆಯುವವನು. ಅವನೇ ಗಾಡಿ ತಂದು, ಎತ್ತು ಬಿಚ್ಚಿ, ಬಿರಿಯ ಹಗ್ಗ ಬಿಗಿದ. ನೊಗದ ಒಂದು ಕಡೆಗೆ ಮಂಟಯ್ಯನ ಹೆಗಲು, ಇನ್ನೊಂದು ಕಡೆಗೆ ಭಾರಕ್ಕೆ ಒಂದು ಮರದ ದಿಮ್ಮಿ. ಚಾವಡಿಯಿಂದ ನಾಲೆಯವರೆಗೆ ಎಳೆಯಬೇಕು. ಊರಿನವರು ಎರಡು ಬದಿಗೂ ನಿಂತರು. ಯಾರೋ "ಓ ಕೆಂದಾ" ಎಂದರು, ನಗು ಎದ್ದಿತು. ಕಂಠಪ್ಪನವರು ಛತ್ರಿ ಹಿಡಿದು ಪಕ್ಕದಲ್ಲೇ ನಡೆದರು. ಪುಟ್ಟಸಿದ್ದಮ್ಮ ಹಿಂದೆ ನಡೆದಳು. ಕಚ್ಚಿದ ಗಾಲಿ ಮಣ್ಣಿನಲ್ಲಿ ಗೀರಿದ ಎರಡು ಗೆರೆಗಳ ನಡುವೆ ಅವನ ಹಿಮ್ಮಡಿಯ ರಕ್ತ ಬಿದ್ದದ್ದನ್ನು ಅವಳು ನೋಡಿದಳು. ನಾಲೆಗೆ ಇನ್ನೂ ನೂರು ಮಾರು ಇರುವಾಗ ಅವನು ಬಿದ್ದ.

ಅದಾಗಿ ತಿಂಗಳಿಗೆ ಮಂಟಯ್ಯ ಮತ್ತೆ ಮರೆತ. ಹೊಗೆ ಏಳುವ ಮುಂಚೆ ಬದುವಿನಲ್ಲಿ ಕಳೆ ಕೀಳುತ್ತಿದ್ದ ಪುಟ್ಟಸಿದ್ದಮ್ಮ ವಾಸನೆ ಹಿಡಿದು, "ಬಿರಿ ಬುಡೋ!" ಎಂದು ಕೂಗಿದಳು. ಪಟ್ಟಿ ಉಳಿಯಿತು. ಆದರೆ ಕೂಗು ಕಂಠಪ್ಪನವರ ಜಗುಲಿಗೂ ಮುಟ್ಟಿತು.

"ಒಳ್ಳೇ ಗಂಟ್ಲು ಕಣಮ್ಮಿ ನಿಂದು" ಎಂದರು ಅವರು. "ಇಷ್ಟ್ ದಿವ್ಸ ಸುಮ್ಕೆ ಹಾಳಾಯ್ತಿತ್ತು. ನಾಳಿಂದ ನಿಂಗೆ ಕಳೆ ಕೆಲ್ಸ ಬ್ಯಾಡ. ಟಾಕ್ಟ್ರು ಹಿಂದೇನೆ ಇರು. ಇಂಜಿನ್ ಸದ್ದಾದೇಟ್ಗೆ ಕೂಗ್ಬೇಕು. ಸೀಟ್ ಮ್ಯಾಲಿರೋನು 'ಬುಟ್ಟೆ' ಅಂತ ತಿರುಗಿ ಹೇಳ್ಬೇಕು. ಇನ್ನೊಂದು ಸಲ ಬಿರಿ ಸುಟ್ರೆ ಗಂಡ ಹೆಂಡ್ತಿ ಇಬ್ರನ್ನೂ ಜೋಡಿ ಕಟ್ತೀನಿ. ಆಗ ದಿಮ್ಮಿ ಹುಡುಕೋ ತಾಪತ್ರಯ ಇರಾಕಿಲ್ಲ."

ಕೂತವರು ನಕ್ಕರು. ಪುಟ್ಟಸಿದ್ದಮ್ಮ ನಗಲಿಲ್ಲ. ಅವಳ ಕಣ್ಣ ಮುಂದೆ ಆ ಎರಡು ಗೆರೆ ಬಂದವು. ಇನ್ನೊಮ್ಮೆ ಗಂಡನ ಹೆಗಲಿಗೆ ನೊಗ ಬೀಳಬಾರದು, ಅವಳಿಗೆ ಬೇಕಾದದ್ದು ಅಷ್ಟೇ.

ಮಾರನೆಯ ದಿನದಿಂದ ಟ್ರಾಕ್ಟರ್ ಹೋದಲ್ಲೆಲ್ಲ ಅವಳು ಓಡಿದಳು. ಸಾಲು ಮುಗಿದು ನಿಂತು ಮತ್ತೆ ಹೊರಟಾಗಲೆಲ್ಲ ಕೂಗು. ನೇಗಿಲಿಗೆ ಕಲ್ಲು ಸಿಕ್ಕಿ ನಿಂತರೆ ಕೂಗು, ಅವನು ನೀರು ಕುಡಿಯಲು ಇಳಿದು ಹತ್ತಿದರೆ ಕೂಗು. ದಿನಕ್ಕೆ ನಲವತ್ತು ಸಲಕ್ಕೆ ಕಡಿಮೆಯಿಲ್ಲ.

"ಬಿರಿ ಬುಡೋ!"

"ಬುಟ್ಟೆ!"

ಮೊದಮೊದಲು ಊರವರಿಗೆ ಇದು ಬಯಲಾಟಕ್ಕಿಂತ ಚೆನ್ನಾಗಿತ್ತು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಮಲ್ಲಾಜಮ್ಮ ಬಿಂದಿಗೆ ಇಳಿಸಿ, "ಅಲ್ಲಾ ಕಣಕ್ಕ, ಉಣ್ಣಾಕೆ ಕೂತಾಗ್ಲೂ ಕೂಗ್ತೀಯಂತೆ? ಇಲ್ದಿದ್ರೆ ಅವ್ನು ಬಾಯಿ ಬುಡಾಕಿಲ್ವಂತೆ?" ಎಂದಳು.

"ನಿನ್ ಗಂಡ ಬಾಯಿ ಮುಚ್ಚಾಕೆ ಯಾರು ಕೂಗ್ತಾರೆ, ಅದು ಹೇಳು ಮೊದ್ಲು" ಎಂದಳು ಪುಟ್ಟಸಿದ್ದಮ್ಮ. ಆ ಮಾತನ್ನೂ ಅವಳು ಗಟ್ಟಿಯಾಗಿಯೇ ಹೇಳಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಬಿಟ್ಟುಹೋಗಿತ್ತು. ಸಂಜೆಗೆ ಗಂಟಲಿನಲ್ಲಿ ರಕ್ತ ಕಾಣುತ್ತಿತ್ತು. ಮೆಣಸಿನ ಕಷಾಯ ಕುಡಿದು ಬೆಳಿಗ್ಗೆ ಮತ್ತೆ ಹೋಗುತ್ತಿದ್ದಳು.

ಅವಳು ಕೂಗಿದಷ್ಟೂ ಮಂಟಯ್ಯನ ತಲೆ ಖಾಲಿಯಾಯಿತು. ಮೊದಲು ಹತ್ತರಲ್ಲಿ ಒಂದು ಸಲ ಮರೆಯುತ್ತಿದ್ದವನು ಈಗ ಹತ್ತಕ್ಕೆ ಹತ್ತೂ ಮರೆತ. ಕೂಗು ಬರುವ ತನಕ ಅವನ ಕೈ ಏಳುತ್ತಿರಲಿಲ್ಲ, ಬಂದರೆ ಕೈ ತಾನಾಗಿ ಇಳಿಸುತ್ತಿತ್ತು. ಕೆಂದನ ಜಾಗದಲ್ಲಿ ತಾನು ನಿಂತಿದ್ದೇನೆ ಎಂದು ಪುಟ್ಟಸಿದ್ದಮ್ಮನಿಗೆ ಗೊತ್ತಾಯಿತು. ಗಂಡನಿಗೆ ಅದನ್ನು ಹೇಳಲಿಲ್ಲ.

ಆಮೇಲೆ ಕಂಠಪ್ಪನವರೂ ಓಡಿಸಲು ಕಲಿತರು. ಆಸನದ ಮೇಲೆ ಅವರು ಕೂತ ದಿನ ಪುಟ್ಟಸಿದ್ದಮ್ಮ ಬಾಯಿ ಕಟ್ಟಿದಂತಾಗಿ ನಿಂತಳು. "ಏನಮ್ಮಿ, ನಿನ್ ಗಂಡನ್ಗೊಂದು ನ್ಯಾಯ, ನಂಗೊಂದಾ? ನಂಗೂ ಅಂಗೇ ಕೂಗು" ಎಂದರು ಅವರು. ಅವಳು "ಬಿರಿ ಬುಡಿ ಬುದ್ಧೀ" ಎಂದು ಕೂಗಿದಳು. ಅವರು ಹಲ್ಲು ಬಿಟ್ಟು "ಬುಟ್ಟೆ" ಎಂದರು. ಆಟದಂತಿತ್ತು. ತಿಂಗಳೊಪ್ಪತ್ತಿನಲ್ಲಿ ಅವರ ಕೈಯೂ ಮಂಟಯ್ಯನ ಕೈಯಂತೆಯೇ ಆಯಿತು.

ಗಾಡಿಯವನ ಒಂದು ಅಭ್ಯಾಸ ಮಾತ್ರ ಮಂಟಯ್ಯನನ್ನು ಬಿಟ್ಟಿರಲಿಲ್ಲ. ಏರಿನಲ್ಲಿ ನಿಲ್ಲಿಸಿದರೆ ಇಳಿದು ಗಾಲಿಯ ಹಿಂದೆ ಒಂದು ಕಲ್ಲು ಕೊಡುವುದು. ಆಸನದ ಕೆಳಗೆ ಅದಕ್ಕೆಂದೇ ಒಂದು ಕಲ್ಲು ಇಟ್ಟುಕೊಂಡಿದ್ದ.

ಕಾರ್ತಿಕದಲ್ಲಿ ಪಿರಿಯಾಪಟ್ಟಣದಿಂದ ಕಂಠಪ್ಪನವರ ಭಾವಮೈದುನ ಗಂಗಾಧರಪ್ಪ ಟ್ರಾಕ್ಟರ್ ನೋಡಲು ಬಂದ. ಆಚೆ ಹೊಲಕ್ಕೆ ಹೋಗಲು ನಾಲೆಯ ಏರಿ ಹತ್ತಬೇಕು. ಅರ್ಧ ಏರಿನಲ್ಲಿ ನೇಗಿಲಿಗೆ ಬಳ್ಳಿ ಸುತ್ತಿಕೊಂಡಿತು. ಮಂಟಯ್ಯ ಬಿರಿ ಎಳೆದು, ಇಂಜಿನ್ ಆರಿಸಿ, ಇಳಿದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟ.

"ಅದೇನ್ ಭಾವ, ಇಂಗ್ಲೀಸ್ ಗಾಡಿಗೂ ಕಲ್ಲಾ?" ಎಂದು ಗಂಗಾಧರಪ್ಪ ನಕ್ಕ.

ಕಂಠಪ್ಪನವರ ಮುಖ ಕೆಂಪಾಯಿತು. "ಬಿರಿ ಇರೋದಕ್ಕೆ ಕಲ್ಲ್ಯಾಕ್ಲಾ? ಎತ್ತಿನ ಬುದ್ಧಿ ಬುಡು ಅಂತ ಎಷ್ಟ್ ಸಲ ಹೇಳ್ಲಿ?" ಎಂದು ಕಾಲಿನಿಂದ ಕಲ್ಲನ್ನು ಒದ್ದರು. ಅದು ಉರುಳಿ ಕಳ್ಳಿಬೇಲಿಗೆ ಹೋಯಿತು. ಮಂಟಯ್ಯ ನೇಗಿಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಳ್ಳಿ ಬಿಡಿಸತೊಡಗಿದ. ಅವನು ಬಿಡಿಸುವ ತನಕ ಭಾವಮೈದುನನಿಗೆ ಇಂಜಿನ್ನಿನ ಸದ್ದು ಕೇಳಿಸೋಣವೆಂದು ಕಂಠಪ್ಪನವರು ಹತ್ತಿ ಕೂತರು.

ಪುಟ್ಟಸಿದ್ದಮ್ಮ ಆಗ ಅಂಬಲಿ ತರಲು ಹೋಗಿದ್ದಳು. ಗಡಿಗೆ ಹೊತ್ತು ನಾಲೆಯ ಏರಿಯ ಮೇಲಿಂದ ಬರುತ್ತಿದ್ದಳು. ಅವಳಿಗೆ ಕಂಡದ್ದು ಟ್ರಾಕ್ಟರಿನ ಮೂತಿ, ಆಸನದ ಮೇಲೆ ಕಂಠಪ್ಪನವರ ರುಮಾಲು. ಹಿಂದೆ ಕೂತ ಗಂಡ ಕಾಣಲಿಲ್ಲ. ಇಂಜಿನ್ ಗುರ್ರೆಂದಿತು. ತಲೆಯ ಮೇಲಿನ ಗಡಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವಳು ಕೂಗಿದಳು.

"ಬಿರಿ ಬುಡಿ ಬುದ್ಧೀ!"

"ಬುಟ್ಟೆ!" ಎಂದರು ಕಂಠಪ್ಪನವರು. ಕೈ ಇಳಿಸಿಯೂ ಬಿಟ್ಟಿತು.

ಟ್ರಾಕ್ಟರ್ ಹಿಂದಕ್ಕೆ ಹೋಯಿತು. ಹೆಚ್ಚೇನಲ್ಲ, ಎರಡು ಮಾರು. ನೇಗಿಲಿಗೆ ಎರಡು ಗುಳ ಇದ್ದವು. ಒಂದು ನೆಲಕ್ಕೆ ಕಚ್ಚಿತು, ಇನ್ನೊಂದು ಮಂಟಯ್ಯನ ಹೊಟ್ಟೆಗೆ.

ಕುಳ್ಳಯ್ಯನ ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಮಲಗಿಸಿದರು. ಕೃಷ್ಣರಾಜನಗರದ ಆಸ್ಪತ್ರೆಗೆ ಏಳು ಮೈಲಿ. ಪುಟ್ಟಸಿದ್ದಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಳ್ಳದ ಇಳಿಜಾರಿನಲ್ಲಿ ಕುಳ್ಳಯ್ಯ ಹಗ್ಗ ಬಿಗಿದ. ಇಳಿಜಾರು ಮುಗಿಯಿತು. ಎತ್ತುಗಳು ನಿಂತವು. ಕುಳ್ಳಯ್ಯ ಗಾಬರಿಯಲ್ಲಿ ಚಾವಟಿಯಿಂದ ಬಾರಿಸಿದ, ಬಾಲ ತಿರುಚಿದ, ಬೈದ. ಗಾಡಿ ಕದಲಲಿಲ್ಲ.

ಮಂಟಯ್ಯ ಕಣ್ಣು ಬಿಟ್ಟ.

"ಬಿರಿ ಬುಡ್ಲಾ ಕುಳ್ಳಯ್ಯ" ಎಂದ. ಅವಳು ಕೂಗಲು ಶುರು ಮಾಡಿದ ಮೇಲೆ, ಕೂಗಿಲ್ಲದೆ ಅವನಿಗೆ ನೆನಪಾದದ್ದು ಅದೊಂದೇ ಸಲ. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಮೈ ತಣ್ಣಗಾಯಿತು.

ಪಟೇಲರ ಮುಂದೆ ವಿಚಾರಣೆ ನಡೆಯಿತು. ಕಂಠಪ್ಪನವರು ಬೇಸರದ ದನಿಯಲ್ಲಿ, "ನಾನೇನ್ ಮಾಡ್ಲಿ? ಇವಳು ಕೂಗುದ್ಲು" ಎಂದರು. ಪಟೇಲರು ಇವಳ ಕಡೆ ತಿರುಗಿದರು.

"ಕೂಗುದ್ದು ಹೌದೇನಮ್ಮ?"

"ಹೌದು ಸ್ವಾಮಿ."

ಅಷ್ಟನ್ನು ಬರೆದುಕೊಂಡರು. ಕೂಗಲು ಹೇಳಿದವರು ಯಾರು, ಕಲ್ಲು ಒದ್ದವರು ಯಾರು ಎಂದು ಕೇಳಲಿಲ್ಲ. ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಾವಿಕಟ್ಟೆಯಲ್ಲಿ ಮಲ್ಲಾಜಮ್ಮ, ಇವಳಿಗೆ ಕೇಳುವ ಹಾಗೆಯೇ, "ಗಂಡನ್ನ ಕೂಗಿ ಕೊಂದವ್ಳು" ಎಂದಳು. ಈ ಸಲ ಪುಟ್ಟಸಿದ್ದಮ್ಮ ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಬಂದಳು.

ತಿಥಿ ಆದ ಮೂರನೆಯ ದಿನ ಕಂಠಪ್ಪನವರು ಹೇಳಿಕಳಿಸಿದರು. ಹುಣಸೂರಿನಿಂದ ದಾಸಯ್ಯ ಎಂಬ ಹೊಸಬ ಬಂದಿದ್ದಾನೆ, ಅವನಿಗೂ ಮರೆವು, ನಾಳೆಯಿಂದ ಬಂದು ಕೂಗಬೇಕು. ಬಾರದಿದ್ದರೆ ಗುಡಿಸಲು ನಿಂತಿರುವ ಜಾಗ ಅವರದು.

ಅವಳು ಹೋದಳು. ಬರಿಯ ಹಣೆ, ಬರಿಯ ಕೈ. ಬದುವಿನಲ್ಲಿ ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ದಾಸಯ್ಯ ಹತ್ತಿದ, ಇಂಜಿನ್ ಗುರ್ರೆಂದಿತು. ಕೂಗು ಗಂಟಲಿನ ತನಕ ಬಂತು, ಅದು ಅವಳಿಗೇ ತಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಟ್ರಾಕ್ಟರ್ ಮುಲುಗುತ್ತ ಹೊರಟಿತು. ಒಂದು ಸಾಲು. ಎರಡು ಸಾಲು. ವಾಸನೆ ಬಂತು, ಅವಳು ನಿಂತೇ ಇದ್ದಳು. ಮೂರನೆಯ ಸಾಲಿನ ನಡುವೆ ಹೊಗೆ ಎದ್ದು, ದಾಸಯ್ಯ ಹಾರಿ ಇಳಿದ.

ಕಂಠಪ್ಪನವರು ಛತ್ರಿಯನ್ನೂ ತೆಗೆದುಕೊಳ್ಳದೆ ಓಡಿ ಬಂದರು. "ಬಾಯಿ ಸತ್ತೋಗಿತ್ತೇನಮ್ಮಿ? ನಾನು ಏನ್ ಹೇಳಿದ್ದೆ, ಗ್ಯಾಪಕ ಐತಾ?"

"ಐತೆ ಬುದ್ಧಿ" ಎಂದಳು ಪುಟ್ಟಸಿದ್ದಮ್ಮ.

ಹೊಲದ ಅಂಚಿನಲ್ಲಿ ಕುಳ್ಳಯ್ಯನ ಗಾಡಿ ಮೂಕಿ ನೆಲಕ್ಕಿಟ್ಟು ನಿಂತಿತ್ತು. ಎತ್ತು ಮೇಯಲು ಬಿಟ್ಟಿದ್ದರು. ಅವಳು ನೇರ ಅಲ್ಲಿಗೆ ನಡೆದಳು. ಹಿಂದಕ್ಕೆ ಹೋಗಿ ಬಿರಿಯ ಹಗ್ಗವನ್ನು ತಾನೇ ಜಗ್ಗಿ ಬಿಗಿದು, ಎರಡು ಗಂಟು ಹಾಕಿದಳು. ಮುಂದಕ್ಕೆ ಬಂದು ನೊಗದ ಬಲಗಡೆಗೆ ಹೆಗಲು ಕೊಟ್ಟು ಎತ್ತಿದಳು. ನೊಗ ಎಡಕ್ಕೆ ವಾಲಿತು. ಕಳೆ ಕೀಳುತ್ತಿದ್ದವರೆಲ್ಲ ಎದ್ದು ನಿಂತರು. ಮಲ್ಲಾಜಮ್ಮನೂ ಅಲ್ಲಿದ್ದಳು.

ಪುಟ್ಟಸಿದ್ದಮ್ಮ ಕೂಗಲಿಲ್ಲ. ಮಗ್ಗುಲಲ್ಲಿ ಮಲಗಿದವರಿಗೆ ಹೇಳುವಷ್ಟು ಮೆಲ್ಲಗೆ ಕೇಳಿದಳು. "ಜೋಡಿ ಕಟ್ತೀನಿ ಅಂದಿದ್ರಿ. ಜೋಡಿ ಎಲ್ಲಿ ಬುದ್ಧಿ?"

ಕಂಠಪ್ಪನವರು ಟ್ರಾಕ್ಟರಿನ ಕಡೆ ನೋಡಿದರು. ಗಾಲಿಯೊಳಗಿಂದ ಇನ್ನೂ ಹೊಗೆ ಬರುತ್ತಿತ್ತು. "ಮನೇಗೆ ಒಂಟೋಗು" ಎಂದರು. ಅವಳು ಹೋಗಲಿಲ್ಲ. ವಾಲಿದ ನೊಗದ ಕೆಳಗೆ ನಿಂತೇ ಇದ್ದಳು. ಕೊನೆಗೆ ಕಂಠಪ್ಪನವರೇ ಊರಿನ ಕಡೆ ನಡೆದರು.